ಲಿಫ್ಟಣ್ಣ ಹಿಂದಿನಿಂದ ಓದಿದ ಕಾದಂಬರಿ

ಲಿಫ್ಟಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ, ಆದರೆ ಅದನ್ನು ಬಳಸುವವರು ಬ್ಯಾಂಕಿನವರು ಮಾತ್ರ. ಇಪ್ಪತ್ತಾರು ವರ್ಷಗಳಿಂದ ಹದಿನೇಳು ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುತ್ತಿರುವ ಈ ಮನುಷ್ಯನನ್ನು ಮೊದಲ ಮಹಡಿಯ ಮಕ್ಕಳಿಂದ ಹಿಡಿದು ಎಂಟನೇ ಮಹಡಿಯ ಮುದುಕರವರೆಗೆ ಎಲ್ಲರೂ ಕರೆಯುವುದು ಹಾಗೆಯೇ. ಹೆಂಡತಿಯ ಅಣ್ಣ ಕೂಡ ಒಂದೊಂದು ಸಲ ಬಾಯಿತಪ್ಪಿ ಲಿಫ್ಟಣ್ಣ ಎಂದು ಕರೆದು ನಾಲಿಗೆ ಕಚ್ಚಿಕೊಂಡದ್ದುಂಟು.

ಅವನ ಒಂದು ಗುಣವನ್ನು ಮೊದಲೇ ಹೇಳಿಬಿಡಬೇಕು. ಪ್ರತಿ ಲಿಫ್ಟಿಗೂ ಒಂದು ಲಾಗ್ ಪುಸ್ತಕ ಇರುತ್ತದೆ. ಕೆಲಸ ಮುಗಿಸಿದ ಮೇಲೆ ಅದರಲ್ಲಿ 'ಪರೀಕ್ಷಿಸಿದೆ, ಸರಿಯಿದೆ' ಎಂದು ಬರೆದು ಸಹಿ ಹಾಕಬೇಕು. ಆ 'ಸರಿಯಿದೆ' ಎಂಬ ಮಾತನ್ನು ಅವನು ಜೀವನದಲ್ಲಿ ಒಮ್ಮೆಯೂ ಸುಮ್ಮನೆ ಬರೆದವನಲ್ಲ, ಸುಮ್ಮನೆ ಆಡಿದವನೂ ಅಲ್ಲ. ಒಂದು ಸಲ ಅವನ ತಂಗಿ ಹೊಸ ಪರದೆ ಹಾಕಿಸಿ ಹೇಗಿದೆ ಅಣ್ಣ ಎಂದು ಕೇಳಿದಳು. ಇವನು ಎದ್ದು ಹೋಗಿ ಎರಡೂ ಪರದೆಗಳ ತುದಿ ಹಿಡಿದು ನೋಡಿ, ಎಡಗಡೆಯದು ಎರಡು ಬೆರಳು ಉದ್ದವಿದೆ ಎಂದ. ತಂಗಿ ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು. ಪರದೆ ಮಾತ್ರ ನಿಜವಾಗಿಯೂ ಎರಡು ಬೆರಳು ಉದ್ದವಿತ್ತು.

ಇನ್ನೊಂದು ಸಂಗತಿ, ಅವನ ಕೊರಳಲ್ಲಿ ನೇತಾಡುವ ಎರಡು ಕೆಂಪು ತಂತಿಗಳು. ಲಿಫ್ಟಿನ ಬಾಗಿಲು ಒಂದಿಷ್ಟೇ ತೆರೆದಿದ್ದರೂ ಅಲ್ಲಿ ಕರೆಂಟು ಕಡಿದು ಲಿಫ್ಟು ಇದ್ದಲ್ಲೇ ನಿಂತುಬಿಡುತ್ತದೆ. ಯಾವ ಬಾಗಿಲು ತೊಂದರೆ ಕೊಡುತ್ತಿದೆ ಎಂದು ಹುಡುಕುವಾಗ, ಆ ಕಡಿದ ಜಾಗಕ್ಕೆ ಒಂದು ತಂತಿ ಜೋಡಿಸಿ, ಬಾಗಿಲು ಮುಚ್ಚಿದೆ ಎಂದು ಲಿಫ್ಟನ್ನೇ ನಂಬಿಸಬೇಕಾಗುತ್ತದೆ. ಕೆಲಸ ಮುಗಿದ ತಕ್ಷಣ ತಂತಿಯನ್ನು ತೆಗೆಯಲೇಬೇಕು. ಮರೆತರೆ ಲಿಫ್ಟು ಬಾಗಿಲು ತೆರೆದುಕೊಂಡೇ ಓಡಾಡುತ್ತದೆ, ಯಾರೋ ಇದೆಯೆಂದುಕೊಂಡು ಇಲ್ಲದ ನೆಲದ ಮೇಲೆ ಕಾಲಿಡುತ್ತಾರೆ. ಅದಕ್ಕೇ ಲಿಫ್ಟಣ್ಣನ ಹತ್ತಿರ ಇರುವುದು ಎರಡೇ ತಂತಿ, ಎರಡೂ ಕಣ್ಣಿಗೆ ರಾಚುವ ಕೆಂಪು. ಸಂಜೆ ಮನೆಗೆ ಬಂದರೆ ಬಾಗಿಲ ಪಕ್ಕದ ಮೊಳೆಗೆ ಅವನ್ನು ನೇತುಹಾಕುತ್ತಾನೆ. ಹೆಂಡತಿ ಮನೆಯ ಯಾವ ಮೂಲೆಯಲ್ಲಿದ್ದರೂ ಅಲ್ಲಿಂದಲೇ ಕೇಳುತ್ತಾಳೆ:

"ಎರಡೂ ಬಂದ್ವಾ?"

"ಬಂದ್ವು."

ಇದು ಶುರುವಾದದ್ದು ಮದುವೆಯಾದ ಎರಡನೇ ವರ್ಷ. ಒಂದು ಸಂಜೆ ಮೊಳೆಯ ಹತ್ತಿರ ನಿಂತಾಗ ಕೊರಳಲ್ಲಿ ಒಂದೇ ತಂತಿ ಇತ್ತು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬೀದಿಗೆ ಓಡಿದವನ ಹಿಂದೆ ಹೆಂಡತಿಯೂ ಓಡಿದಳು. ಮೂರನೇ ತಿರುವಿನಲ್ಲಿ ಅವಳಿಗೇ ಕಂಡದ್ದು, ಇನ್ನೊಂದು ತಂತಿ ಅವನ ಅಂಗಿಯ ಹಿಂದೆ ಬಾಲದಂತೆ ಜೋತಾಡುತ್ತಿತ್ತು. ಇಬ್ಬರೂ ನಡುಬೀದಿಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂದಿನಿಂದ ಆ ಪ್ರಶ್ನೆ ಒಂದು ದಿನವೂ ತಪ್ಪಿಲ್ಲ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅದೊಂದನ್ನು ಕೇಳಿ ಮತ್ತೆ ಮಾತು ಬಿಡುತ್ತಿದ್ದಳು.

ಈ ಹೆಂಡತಿ ನಗರಸಭೆಯಲ್ಲಿ ನಡಾವಳಿ ಬರೆಯುವ ಗುಮಾಸ್ತೆ. ಸದಸ್ಯರು ಸಭೆಯಲ್ಲಿ ಎಷ್ಟೇ ಕೂಗಾಡಲಿ, ಮೇಜು ಗುದ್ದಲಿ, ಅದನ್ನೆಲ್ಲ ಸೋಸಿ ನಾಲ್ಕು ಸಾಲಿಗೆ ಇಳಿಸುವುದು ಅವಳ ಕೆಲಸ. ಜನ ಕೊಟ್ಟ ದೂರುಗಳನ್ನು ಸಭೆಯಲ್ಲಿ ಓದಿದ ಮೇಲೆ, ಮುಂದೇನೂ ಮಾಡುವ ಮನಸ್ಸಿಲ್ಲದಿದ್ದರೆ, 'ಗಮನಿಸಲಾಯಿತು' ಎಂದು ಬರೆಯಬೇಕು. ಆ ಒಂದು ಪದವನ್ನು ತಾನು ಬರೆದಷ್ಟು ಸಲ ಯಾವ ಲೇಖಕರೂ ಯಾವ ಪದವನ್ನೂ ಬರೆದಿರಲಾರರು ಎಂದು ಅವಳು ಹೇಳಿಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಸಾಕಾಗಿ ಆರು ವರ್ಷಗಳ ಹಿಂದೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಆಫೀಸಿನ ಬಳಸಿ ಬಿಟ್ಟ ಹಾಳೆಗಳ ಬೆನ್ನಿಗೆ ಒಂದು ಕಾದಂಬರಿ ಬರೆಯಲು ಕೂತಳು. ಅದು ಆಕಾಶದಲ್ಲಿ ನಡೆಯುವ ಕಥೆ. ನೆಲದ ಮೇಲಿನ ಸಭೆಯ ಬಗ್ಗೆ ಬರೆದರೆ ಆಫೀಸಿನಲ್ಲಿ ಪ್ರತಿಯೊಬ್ಬರೂ ಇದು ನಾನೇ ಎಂದು ಜಗಳಕ್ಕೆ ಬರುತ್ತಾರೆ, ಆಕಾಶಕ್ಕೆ ಯಾರು ಹತ್ತಿ ಬಂದು ನೋಡುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಕಾದಂಬರಿಯ ಹೆಸರು 'ಮೇಲಿನೂರಿನ ಅಧ್ಯಕ್ಷೆ'. ಮೇಲಿನೂರು ಗಾಳಿಯೇ ಇಲ್ಲದ ಎತ್ತರದಲ್ಲಿ ತೇಲುವ ಊರು. ನೆಲಕ್ಕೂ ಅದಕ್ಕೂ ಇರುವುದು ಒಂದೇ ಲಿಫ್ಟು, ಹತ್ತಲು ಮೂರು ದಿನ. ಯಾರಿಗೆ ಎಷ್ಟು ಗಾಳಿ ಎಂದು ತೀರ್ಮಾನಿಸುವುದು ಅಲ್ಲಿನ ಸಭೆ. ದೊಡ್ಡದೊಂದು ಮತದಾನದ ಹಿಂದಿನ ದಿನ ಅಧ್ಯಕ್ಷೆ ಒಬ್ಬಳೇ ಲಿಫ್ಟಿನಲ್ಲಿ ಹತ್ತಿ ಬರುತ್ತಾಳೆ. ಮೇಲೆ ಬಾಗಿಲು ತೆರೆದರೆ ಹೆಣ. ದಾರಿಯಲ್ಲಿ ಯಾರೋ ಬಾಗಿಲು ತೆರೆಸಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟಿದ್ದಾರೆ. ಯಾರು? ಮೂವತ್ತೆರಡು ಅಧ್ಯಾಯಗಳ ತುಂಬ ಇದೇ ಪ್ರಶ್ನೆ, ಕೊನೆಯಲ್ಲಿ ಸಿಕ್ಕಿಬೀಳುವವನು ಉಪಾಧ್ಯಕ್ಷ.

ಒಬ್ಬ ಸಣ್ಣ ಪ್ರಕಾಶಕರು ಒಪ್ಪಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ಹಸ್ತಪ್ರತಿ ಅಚ್ಚಿಗೆ ಹೋಗಬೇಕು. ಅವಳ ಅಣ್ಣ, ನಿವೃತ್ತ ಹೆಡ್‌ಮಾಸ್ತರರು, ಓದಿ ತಂಗಿಯನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ಇಪ್ಪತ್ತು ಪುಟದಾಚೆ ಓದಿಲ್ಲ ಎಂಬುದು ಅವರು ಅಧ್ಯಕ್ಷೆಯ ಆರೋಗ್ಯ ವಿಚಾರಿಸಿದಾಗಲೇ ಗೊತ್ತಾಯಿತು. ಮಗಳು ಒಂದೇ ಗುಕ್ಕಿಗೆ ಓದಿ ತುಂಬ ಚೆನ್ನಾಗಿದೆ ಅಂದಳು, ಆದರೆ ಅವಳು ಅಮ್ಮ ಬರೆದ ದಿನಸಿ ಚೀಟಿಯನ್ನೂ ಚೆನ್ನಾಗಿದೆ ಅನ್ನುವವಳು. ಹಾಗಾಗಿ ಹಿಂದಿನ ಸೋಮವಾರ ಅವಳು ಕಡತವನ್ನು ತಂದು ಗಂಡನ ತೊಡೆಯ ಮೇಲಿಟ್ಟಳು.

"ನೀವು ಓದಿ. ನೀವು ಸರಿಯಿದೆ ಅಂದ್ರೆ ಕಳಿಸ್ತೀನಿ. ಬೇರೆ ಯಾರ ಮಾತೂ ನಂಗೆ ಬೇಡ."

ಲಿಫ್ಟಣ್ಣ ಜನ್ಮದಲ್ಲಿ ಒಂದು ಕಾದಂಬರಿ ಓದಿದವನಲ್ಲ. ಓದಿದ್ದೆಲ್ಲ ಲಾಗ್ ಪುಸ್ತಕ, ಬಿಟ್ಟರೆ ಮೋಟರಿನ ಜೊತೆ ಬರುವ ಕೈಪಿಡಿ. ಬೇಡ ಅನ್ನಲೂ ಬಾಯಿ ಬರಲಿಲ್ಲ. ಆರು ವರ್ಷ ಅವಳ ಊಟದ ಡಬ್ಬಿ ಅರ್ಧ ತುಂಬಿಯೇ ವಾಪಸ್ಸು ಬರುತ್ತಿದ್ದುದು ಏಕೆಂದು ಅವನಿಗೆ ಗೊತ್ತಿತ್ತು.

ಮರುದಿನದಿಂದ ಮಧ್ಯಾಹ್ನ ಊಟವಾದ ಮೇಲೆ ಯಾವುದಾದರೂ ಕಟ್ಟಡದ ತಾರಸಿಯ ಮೇಲಿನ ಮೋಟರ್ ಕೋಣೆಯಲ್ಲಿ, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತು ಓದತೊಡಗಿದ. ಹೇಗೆ ಓದಿದ ಎನ್ನುವುದರಲ್ಲೇ ಎಡವಟ್ಟಾದದ್ದು. ಲಿಫ್ಟು ಕೆಟ್ಟಿದೆ ಎಂದು ಕರೆ ಬಂದರೆ ಮೆಕ್ಯಾನಿಕ್ಕು ಮೊದಲು ನೋಡುವುದು ಲಾಗ್ ಪುಸ್ತಕದ ಕೊನೆಯ ನಮೂದನ್ನು. ಆಮೇಲೆ ಅದರ ಹಿಂದಿನದು, ಅದರ ಹಿಂದಿನದು, ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿಯವರೆಗೆ. ಇಲ್ಲೂ ಒಬ್ಬಳು ಲಿಫ್ಟಿನಲ್ಲಿ ಸತ್ತಿದ್ದಾಳೆ, ಹೇಗೆಂದು ಹುಡುಕಬೇಕು, ಇನ್ನು ಬೇರೆ ರೀತಿ ಓದುವುದು ಹೇಗೆ? ಮೂವತ್ತೆರಡನೆಯ ಅಧ್ಯಾಯವನ್ನು ಮೊದಲು ಓದಿದ, ಮೂವತ್ತೊಂದನೆಯದನ್ನು ಆಮೇಲೆ. ಕಾದಂಬರಿಗಳನ್ನು ಎಲ್ಲರೂ ಹೀಗೇ ಓದುತ್ತಾರೆ ಎಂದೇ ಅವನ ನಂಬಿಕೆ.

ವಿಚಿತ್ರವೆಂದರೆ ಅವನಿಗೆ ಪುಸ್ತಕ ಹಿಡಿಸಿತು. ಕೊಲೆಗಾರ ಯಾರೆಂದು ಮೊದಲ ದಿನವೇ ಗೊತ್ತಾಗಿದ್ದರಿಂದ ಬೇರೆಯವರಿಗೆ ಕಾಣದ್ದು ಅವನಿಗೆ ಕಂಡಿತು. ಹಿಂದೆ ಹಿಂದೆ ಹೋದಂತೆ ಆ ಲಿಫ್ಟು ಸರಿಯಿಲ್ಲ ಎಂದು ಮೇಲಿನೂರಿನ ಮೆಕ್ಯಾನಿಕ್ಕು ಸಭೆಗೆ ಬರೆದ ಪತ್ರಗಳು ಒಂದೊಂದಾಗಿ ಎದುರಾದವು, ಒಟ್ಟು ನಲವತ್ತು. ಪ್ರತಿ ಪತ್ರದ ಕೆಳಗೂ ಅದೇ 'ಗಮನಿಸಲಾಯಿತು'. ಹದಿನಾರನೆಯ ಪತ್ರದ ಹೊತ್ತಿಗೆ ಆ ಮೆಕ್ಯಾನಿಕ್ಕನ ಜೊತೆಗಾರನೊಬ್ಬ ಅದೇ ಲಿಫ್ಟಿನಲ್ಲಿ ಸತ್ತಿದ್ದ. ಅದನ್ನೂ ಗಮನಿಸಲಾಗಿತ್ತು. ಅದನ್ನು ಓದಿ ಲಿಫ್ಟಣ್ಣ ಮೋಟರ್ ಕೋಣೆಯಲ್ಲೇ ಎದ್ದು ನಿಂತು, ಆ ಸಭೆಯವರನ್ನು ಬಾಯಿಗೆ ಬಂದಂತೆ ಬೈದ. ಕೆಳಗೆ ಎಂಟನೇ ಮಹಡಿಯವರು ತಮ್ಮ ಲಿಫ್ಟಿಗೆ ಏನೋ ಭಾರಿ ತೊಂದರೆಯಾಗಿದೆ ಎಂದು ಮೆಟ್ಟಿಲಲ್ಲೇ ಇಳಿದು ಹೋದರು.

ಶುಕ್ರವಾರ ಎರಡನೆಯ ಅಧ್ಯಾಯಕ್ಕೆ ಬಂದಾಗ ಅವನ ಕೈ ನಿಂತಿತು. ಅಲ್ಲಿ ಮೇಲಿನೂರಿನ ಮೆಕ್ಯಾನಿಕ್ಕು ಮೊದಲ ಸಲ ಕಾಣಿಸಿಕೊಳ್ಳುತ್ತಾನೆ. ಕಡಿಮೆ ಮಾತು, ಎಣ್ಣೆ ಹತ್ತಿದ ಉಗುರು, ಕೊರಳಲ್ಲಿ ಎರಡು ಕೆಂಪು ತಂತಿ. ಲಿಫ್ಟಣ್ಣನ ಮುಖ ಮೊದಲು ಕೆಂಪಾಯಿತು, ಆಮೇಲೆ ಹುಬ್ಬು ಗಂಟಿಕ್ಕಿತು. ಕೊನೆಯ ಅಧ್ಯಾಯವನ್ನು ಮತ್ತೆ ತೆಗೆದ. ಉಪಾಧ್ಯಕ್ಷನನ್ನು ಹಿಡಿದೊಯ್ಯುವಾಗ ಜನರ ಹಿಂದೆ ನಿಂತ ಮೆಕ್ಯಾನಿಕ್ಕು ಕೊರಳ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾನೆ. ಅಲ್ಲಿರುವುದು ಒಂದೇ ತಂತಿ.

ಮೊದಲೇ ಅವನಿಗೆ ಇನ್ನೊಂದು ಅನುಮಾನ ಕೊರೆಯುತ್ತಿತ್ತು. ಉಪಾಧ್ಯಕ್ಷ ಮೇಲಿನ ನಿಯಂತ್ರಣ ಕೋಣೆಯಲ್ಲಿ ಕದ್ದ ಕೀಲಿ ತಿರುಗಿಸಿ ನಡುದಾರಿಯಲ್ಲಿ ಬಾಗಿಲು ತೆರೆಸಿದ ಎಂದು ಬರೆದಿದ್ದಾಳೆ. ಆದರೆ ಲಿಫ್ಟು ಎಲ್ಲೂ ನಿಲ್ಲಲಿಲ್ಲ ಎಂದೂ ಅವಳೇ ಬರೆದಿದ್ದಾಳೆ. ಬಾಗಿಲು ತೆರೆದರೆ ಲಿಫ್ಟು ನಿಲ್ಲಲೇಬೇಕು. ನಿಂತಿಲ್ಲ ಅಂದರೆ ಯಾರೋ ತಂತಿ ಜೋಡಿಸಿದ್ದಾರೆ. ಸ್ಪಾನರಿಗೂ ಚಮಚಕ್ಕೂ ವ್ಯತ್ಯಾಸ ಗೊತ್ತಿಲ್ಲದ ಆ ಉಪಾಧ್ಯಕ್ಷನಿಂದ ಅದು ಸಾಧ್ಯವೇ ಇಲ್ಲ. ಆ ಊರಿನಲ್ಲಿ ಅದು ಸಾಧ್ಯವಿದ್ದವನು ಒಬ್ಬನೇ, ಈಗ ಅವನ ಕೊರಳಲ್ಲಿ ಒಂದು ತಂತಿಯೂ ಕಡಿಮೆ.

ಲಿಫ್ಟಣ್ಣ ಬಕೆಟ್ಟಿನ ಮೇಲೆ ಹಾಗೇ ಕುಳಿತಿದ್ದ. ಸರಿಯಿದೆ ಎಂದರೆ ಅವಳ ಪುಸ್ತಕ ಸೋಮವಾರ ಅಚ್ಚಿಗೆ ಹೋಗುತ್ತದೆ, ತಾನು ಮೊದಲ ಬಾರಿಗೆ ಕೆಟ್ಟ ಲಿಫ್ಟಿಗೆ ಸಹಿ ಹಾಕಿದಂತಾಗುತ್ತದೆ. ಸರಿಯಿಲ್ಲ ಎಂದರೆ ಆರು ವರ್ಷದ ಅರ್ಧ ಊಟಗಳು ನೆಲ ಕಚ್ಚುತ್ತವೆ. ಅವನಿಗೆ ನಿಜಕ್ಕೂ ಭಯವಾಯಿತು.

ಸಂಜೆ ಮೊಳೆಯ ಹತ್ತಿರ ಪ್ರಶ್ನೋತ್ತರ ಮುಗಿದ ಮೇಲೆ ಅವಳು ಪುಸ್ತಕ ಎಲ್ಲಿಯವರೆಗೆ ಬಂತು ಎಂದು ಕೇಳಿದಳು. ಎರಡನೇ ಅಧ್ಯಾಯಕ್ಕೆ ಬಂದಿದ್ದೇನೆ, ನಾಳೆ ಮುಗಿಯುತ್ತದೆ ಎಂದ. ನಾಲ್ಕು ದಿನಕ್ಕೆ ಎರಡೇ ಅಧ್ಯಾಯವೇ, ಉಳಿದ ಮೂವತ್ತು ನಾಳೆ ಒಂದೇ ದಿನಕ್ಕೆ ಹೇಗೆ ಮುಗಿಯುತ್ತದೆ ಎಂದು ಅವಳು ಕಣ್ಣು ಕಣ್ಣು ಬಿಟ್ಟಳು. ಅವನು ಸರಳವಾಗಿ ವಿವರಿಸಿದ. ಆರು ವರ್ಷ ಗುಟ್ಟನ್ನು ಬಚ್ಚಿಟ್ಟು ಬಚ್ಚಿಟ್ಟು ಕೊನೆಯ ಪುಟಕ್ಕೆ ಒಯ್ದವಳು ಅವಳು, ಇವನು ಊಟದ ಡಬ್ಬಿ ಮುಚ್ಚುವ ಮೊದಲೇ ಅದನ್ನು ತೆರೆದು ನೋಡಿಬಿಟ್ಟಿದ್ದ. ಮಗಳು ನಗು ತಡೆಯಲಾರದೆ ಬಚ್ಚಲಮನೆಗೆ ಓಡಿದಳು.

"ಲಿಫ್ಟು ಹಾಗೆ ಓಡಲ್ಲ ಕಣೇ," ಎಂದು ಅವನು ಕೊನೆಗೂ ಬಾಯಿಬಿಟ್ಟ. "ಬಾಗಿಲು ತೆಗೆದ್ರೆ ನಿಲ್ಲುತ್ತೆ. ನಿನ್ನ ಉಪಾಧ್ಯಕ್ಷನ ಕೈಲಿ ಆಗೋ ಕೆಲಸ ಅಲ್ಲ ಅದು."

ತಂತಿಯ ವಿಷಯ ಮಾತ್ರ ಎತ್ತಲಿಲ್ಲ. ಅವಳು ಅದು ಇಲ್ಲಿಯ ಲಿಫ್ಟಲ್ಲ, ಆಕಾಶದ್ದು, ಇನ್ನೂರು ವರ್ಷ ಮುಂದಿನದು ಎಂದು ವಾದಿಸಿದಳು. ಎಷ್ಟು ವರ್ಷ ಮುಂದಿನದಾದರೂ ಬಾಗಿಲು ಬಾಗಿಲೇ ಎಂದು ಇವನು. ಶನಿವಾರ ಪೂರ್ತಿ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ, ಸಂಜೆಯ ಆ ಒಂದು ಪ್ರಶ್ನೆ ಬಿಟ್ಟು. ಭಾನುವಾರ ಬೆಳಿಗ್ಗೆ ಅವಳೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

"ನಡೀರಿ, ತೋರ್ಸಿ. ಕಣ್ಣಾರೆ ನೋಡ್ದೆ ನಾನು ಒಂದಕ್ಷರ ಬದಲಾಯಿಸಲ್ಲ."

ಹತ್ತಿರದ ಕಟ್ಟಡಕ್ಕೆ ಹೋದರು. ಲಿಫ್ಟಣ್ಣ ಪ್ರತಿ ಮಹಡಿಯಲ್ಲೂ 'ದುರಸ್ತಿಯಲ್ಲಿದೆ' ಎಂಬ ಬೋರ್ಡು ತಗುಲಿಹಾಕಿ ಬಂದ. ಅವಳು ಅಧ್ಯಕ್ಷೆಯ ಪಾತ್ರ ತಾನೇ ವಹಿಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಣ ಬಿದ್ದ ಭಂಗಿ ಪುಸ್ತಕದಲ್ಲಿದ್ದ ಹಾಗೆ ಬರುತ್ತದೋ ಇಲ್ಲವೋ ನೋಡಲು ಲಿಫ್ಟಿನೊಳಗೆ ಅಡ್ಡಡ್ಡ ಮಲಗಿದಳು. ಇವನು ಲಿಫ್ಟು ಚಲಾಯಿಸಿ, ನಡುವೆ ಕೀಲಿ ಹಾಕಿ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದ. ಲಿಫ್ಟು ಗಕ್ಕನೆ ನಿಂತಿತು. ಇನ್ನೊಮ್ಮೆ, ಮತ್ತೆ ನಿಂತಿತು. ಐದನೇ ಸಲದ ಹೊತ್ತಿಗೆ ಅದು ಸರಿಯಾಗಿ ನಾಲ್ಕನೇ ಮಹಡಿಗೆ ಬಂದಿತ್ತು, ಬಾಗಿಲು ಪೂರ್ತಿ ತೆರೆದುಕೊಂಡಿತು. ಎದುರಿಗೆ ಆ ಮಹಡಿಯ ಅಜ್ಜಿ ತರಕಾರಿ ಚೀಲ ಹಿಡಿದು ನಿಂತಿದ್ದರು. ಬೋರ್ಡು ಓದಲು ಅವರ ಬಳಿ ಕನ್ನಡಕ ಇರಲಿಲ್ಲ.

"ಏನಮ್ಮಾ, ತಲೆ ಸುತ್ತು ಬಂತಾ?"

"ಇಲ್ಲಜ್ಜಿ," ಎಂದಳು ಅವಳು ಮಲಗಿದಲ್ಲಿಂದಲೇ, "ಸತ್ತಿದ್ದೀನಿ."

ಅಜ್ಜಿ ಒಂದು ಕ್ಷಣ ಯೋಚಿಸಿ, ಹಾಗಾದರೆ ನೀವು ಮುಗಿಸಿಕೊಳ್ಳಿ, ನಾನು ಮೆಟ್ಟಿಲಲ್ಲೇ ಹೋಗುತ್ತೇನೆ ಎಂದು ನಡೆದರು. ಲಿಫ್ಟಣ್ಣ ಗೋಡೆಗೆ ಒರಗಿ ನಗತೊಡಗಿದ, ಹೆಣವೂ ನಕ್ಕಿತು. ಎರಡು ದಿನದ ಮುನಿಸು ಅಲ್ಲಿಗೆ ಮುಗಿಯಿತು. ನಗು ನಿಂತ ಮೇಲೆ ಅವಳು ಎದ್ದು ಲಿಫ್ಟಿನ ನೆಲದ ಮೇಲೆ ಕಾಲು ಚಾಚಿ ಕೂತಳು, ಇವನು ಹೊಸ್ತಿಲ ಆಚೆ ಕೂತ. ಆಗ ಅವನು ಕೊರಳ ತಂತಿಗಳನ್ನು ತೆಗೆದು ನಡುವೆ ಇಟ್ಟ.

"ಎರಡನೇ ಅಧ್ಯಾಯದಲ್ಲಿ ಎರಡಿದೆ. ಕೊನೇಲಿ ಒಂದಿದೆ. ದಿನಾ ಸಂಜೆ ಎರಡೂ ಬಂದ್ವಾ ಅಂತ ಕೇಳೋಳು ನೀನು. ನೀನು ಮರೆಯೋಳಲ್ಲ."

ಅವಳು ತಂತಿಗಳನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಎಲ್ಲ ಹೇಳಿದಳು. ಮೊದಲು ಬರೆದಾಗ ಕೊಲೆ ಮಾಡಿದವನು ಮೆಕ್ಯಾನಿಕ್ಕೇ. ನಲವತ್ತು ಪತ್ರ ಬರೆದು, ನಲವತ್ತಕ್ಕೂ ಅದೇ ಉತ್ತರ ಬಂದು, ಜೊತೆಗಾರನನ್ನು ಕಳೆದುಕೊಂಡು, ಕೊನೆಗೊಂದು ದಿನ ಅವನು ತಂತಿ ಜೋಡಿಸಿ, ತೆಗೆಯದೆ ಬಂದ. ಅಷ್ಟು ಬರೆದ ದಿನ ಸಂಜೆ ಇವನು ಎದುರಿಗೆ ಕೂತು, ಎಣ್ಣೆ ಹೋಗದ ಬೆರಳುಗಳಲ್ಲಿ ಊಟ ಮಾಡುತ್ತಿದ್ದ. ಅವಳಿಗೆ ತುತ್ತು ಇಳಿಯಲಿಲ್ಲ. ಮರುದಿನವೇ ಕೊಲೆಯನ್ನು ಉಪಾಧ್ಯಕ್ಷನ ತಲೆಗೆ ಕಟ್ಟಿದಳು, ಎಲ್ಲ ಕಡೆ ತಿದ್ದಿದಳು. ಕೊನೆಯ ಪುಟದ ಆ ಒಂದು ತಂತಿಯನ್ನು ಮಾತ್ರ ಎರಡು ಮಾಡಲು ಪ್ರತಿ ಸಲ ಪೆನ್ನು ಹಿಡಿದು, ಪ್ರತಿ ಸಲ ಹಾಗೇ ಬಿಟ್ಟಳು.

"ನಿಮ್ಮನ್ನ ಕೊಲೆಗಾರ ಅಂತ ನಾನು ಹೇಗ್ರೀ ಬರೀಲಿ."

ಲಿಫ್ಟಣ್ಣ ನಿಜವಾಗಿಯೂ ಯೋಚಿಸಿದ, ತಂಗಿಯ ಪರದೆಯ ತುದಿ ಹಿಡಿದು ನೋಡಿದ ಹಾಗೆ. ತನಗೂ ಎಷ್ಟೋ ಸಲ ಸಿಟ್ಟು ಬಂದಿತ್ತು. ತಾನು ಬರೆದ ದೂರುಗಳೂ ಎಷ್ಟೋ ಕಪಾಟುಗಳಲ್ಲಿ ಮೂಲೆಗುಂಪಾಗಿವೆ. ಹಾಗಿದ್ದೂ ಸಂಜೆಯಾದರೆ ಎರಡೂ ತಂತಿ ಮನೆಗೆ ಬಂದಿವೆ.

"ಅವನು ನಾನಲ್ಲ," ಎಂದ. "ಅವನಿಗೆ ಮನೇಲಿ ಕೇಳೋರು ಯಾರಿದ್ದಾರೆ? ಎಲ್ಲಾ ಅಧ್ಯಾಯ ನೋಡ್ದೆ, ಒಬ್ಬರೂ ಇಲ್ಲ. ನೀನಿದ್ದಿದ್ರೆ ಅವನು ವಾಪಸ್ ಹೋಗಿ ತೆಗೀತಿದ್ದ. ಅದನ್ನ ಬರಿ, ಸರಿಹೋಗುತ್ತೆ."

ಅವಳು ಕಣ್ಣು ತುಂಬಿ ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡು, ಎರಡು ತಂತಿಗಳನ್ನೂ ಎತ್ತಿ ತಾನೇ ಅವನ ಕೊರಳಿಗೆ ಹಾಕಿ, ಬೋರ್ಡುಗಳನ್ನು ತೆಗೆದು ಬನ್ನಿ, ಅಜ್ಜಿಗೆ ಮತ್ತೆ ಮೆಟ್ಟಿಲು ಹತ್ತಿಸಬೇಡಿ ಎಂದಳು.

ಸೋಮವಾರ ಹಸ್ತಪ್ರತಿ ಹೋಗಲಿಲ್ಲ. ಪ್ರಕಾಶಕರು ಗೊಣಗಿದರು, ಮೂರು ತಿಂಗಳು ಕಾಯಲು ಒಪ್ಪಿದರು. ಮಧ್ಯಾಹ್ನದ ಡಬ್ಬಿ ಮತ್ತೆ ಅರ್ಧ ತುಂಬಿ ಬರತೊಡಗಿತು. ಹೊಸ ಕೊನೆಯನ್ನು ಹೆಡ್‌ಮಾಸ್ತರರು ಈ ಸಲ ಪೂರ್ತಿ ಓದಿದರು. ಓದಿ, ಭಾವನೆಂಟನನ್ನು ಪಕ್ಕಕ್ಕೆ ಕರೆದು, ನಮ್ಮ ಮನೆಯವರ ಮೇಲೇ ಕೊಲೆ ಹೊರಿಸುವುದೇ, ನೀವು ಇದಕ್ಕೆ ಹೇಗೆ ಒಪ್ಪಿದಿರಿ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾನೇ ಹಿಡಿದುಕೊಟ್ಟೆ ಭಾವ ಎಂದು ಲಿಫ್ಟಣ್ಣ ಹೆಮ್ಮೆಯಿಂದ ಹೇಳಿದ.

ಪುಸ್ತಕದ ಹಿಂಬದಿಗೆ ಓದುಗರೊಬ್ಬರ ಅಭಿಪ್ರಾಯ ಬೇಕೆಂದು ಪ್ರಕಾಶಕರು ಕೇಳಿದಾಗ ಅವಳು ಬೇರೆ ಯಾರನ್ನೂ ಹುಡುಕಲಿಲ್ಲ. ಲಿಫ್ಟಣ್ಣ ಒಂದಿಡೀ ಭಾನುವಾರ ಹೆಣಗಾಡಿ ನಾಲ್ಕು ಸಾಲು ಬರೆದುಕೊಟ್ಟ. ಅದು ಹಾಗೆಯೇ ಅಚ್ಚಾಗಿದೆ: 'ಎರಡು ಸಲ ಓದಿದೆ, ಒಮ್ಮೆ ಹಿಂದಿನಿಂದ, ಒಮ್ಮೆ ಎಲ್ಲರ ಹಾಗೆ. ಒಂದು ದೋಷವಿತ್ತು, ಲೇಖಕಿ ಸರಿಪಡಿಸಿದ್ದಾರೆ. ಆ ಊರಿನ ಸಭೆಯವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಪರೀಕ್ಷಿಸಿದೆ, ಸರಿಯಿದೆ.' ಕೆಳಗೆ ಲಾಗ್ ಪುಸ್ತಕದಲ್ಲಿ ಹಾಕುವ ಸಹಿ.

ಪುಸ್ತಕದ ಕಟ್ಟು ಮನೆಗೆ ಬಂದ ಸಂಜೆ ಅವನು ಕೈಕಾಲು ತೊಳೆಯುವುದನ್ನೂ ಬಿಟ್ಟು, ಹಳೆಯ ಚಾಳಿಯಂತೆ ಒಂದು ಪ್ರತಿಯ ಕೊನೆಯ ಪುಟ ತೆರೆದ. ಮೇಲಿನೂರಿನ ಮೆಕ್ಯಾನಿಕ್ಕು ಅಲ್ಲಿ ಕೊರಳಲ್ಲಿ ಒಂದೇ ತಂತಿ ಇಟ್ಟುಕೊಂಡು ತನ್ನ ಕತ್ತಲ ಕೋಣೆಗೆ ಹೋಗುತ್ತಾನೆ. ಬಾಗಿಲ ಪಕ್ಕದ ಮೊಳೆಯ ಹತ್ತಿರ ನಿಲ್ಲುತ್ತಾನೆ. ಒಳಗಿನಿಂದ ಯಾರೂ ಏನೂ ಕೇಳುವುದಿಲ್ಲ. ಪುಸ್ತಕ ಮುಗಿಯುವುದು ಅಲ್ಲಿಗೆ.

ಲಿಫ್ಟಣ್ಣ ಪುಸ್ತಕ ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತುಬಿಟ್ಟಿದ್ದ. ತಂತಿಗಳನ್ನು ಮೊಳೆಗೆ ಹಾಕುವುದು ಮರೆತೇ ಹೋಗಿತ್ತು. ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳುತ್ತಿತ್ತು, ಅದು ನಿಂತಿತು.

"ಎರಡೂ ಬಂದ್ವಾ?"

"ಬಂದ್ವು ಕಣೇ," ಎಂದ ಲಿಫ್ಟಣ್ಣ, "ಎರಡೂ ಬಂದ್ವು."